ಮೈ ಕೈಕೊಟ್ಟ ದಿನದ ಲೆಕ್ಕ
ದೀರ್ಘಕಾಲದ ಕಾಯಿಲೆ ಮತ್ತು ದುಡಿಮೆ: ಒಂದು ಸಮೀಕ್ಷೆ

ಕಿಡ್ನಿ ಪೂರ್ತಿ ಕೆಟ್ಟವರಿಗೆ ವಾರಕ್ಕೆ ಎರಡು ಇಲ್ಲವೇ ಮೂರು ಸಲ ಡಯಾಲಿಸಿಸ್ ಬೇಕು, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಹೋಗಿಬರುವ ಹೊತ್ತು, ಸರದಿ ಕಾಯುವ ಹೊತ್ತು, ಮುಗಿದ ಮೇಲಿನ ಸುಸ್ತು ಸೇರಿಸಿದರೆ ಆ ದಿನ ಬಹುತೇಕ ಹೋದ ಹಾಗೆಯೇ. ಉಳಿದ ದಿನಗಳಲ್ಲಿ ಅವರಲ್ಲಿ ಅನೇಕರು ಲೆಕ್ಕ ಬರೆಯಬಲ್ಲರು, ಪಾಠ ಹೇಳಬಲ್ಲರು, ಅಂಗಡಿ ನೋಡಿಕೊಳ್ಳಬಲ್ಲರು. ನಮ್ಮ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಸ್ಥಿತಿಗಳಲ್ಲಿ ಕಿಡ್ನಿ ವೈಫಲ್ಯ ಇಲ್ಲ, ಕ್ಯಾನ್ಸರ್ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಹಾಗೆಂದು ಇವರನ್ನು ಆರೋಗ್ಯವಂತರೆಂದು ಯಾರೂ ಒಪ್ಪುವುದಿಲ್ಲ. ಸಂದರ್ಶನದಲ್ಲಿ ವಿಷಯ ಗೊತ್ತಾದರೆ 'ತಿಳಿಸುತ್ತೇವೆ' ಎಂಬ ಮಾತು ಬರುತ್ತದೆ, ಆಮೇಲೆ ಏನೂ ತಿಳಿಯುವುದಿಲ್ಲ.

ಇದು ಯಾರೋ ಕೆಲವರ ಪಾಡು ಎಂದುಕೊಳ್ಳಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರೇ ಸುಮಾರು 10 ಕೋಟಿ. ಇವರಲ್ಲಿ ಹೆಚ್ಚಿನವರು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ, ಅಷ್ಟರಮಟ್ಟಿಗೆ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಕಾಲಿನ ಹುಣ್ಣು, ಕಣ್ಣಿನ ಮಬ್ಬು, ಕಿಡ್ನಿಯ ಸೋಲು ಬಂದಾಗ. ಇವರ ಜೊತೆಗೆ ಸಂಧಿವಾತ, ಲೂಪಸ್, ಆಸ್ತಮಾ, ಅಪಸ್ಮಾರ, ಖಿನ್ನತೆ, ಕುಡಗೋಲು ಕಣದ ರಕ್ತಹೀನತೆ ಇರುವವರನ್ನೆಲ್ಲ ಸೇರಿಸಿಕೊಳ್ಳಿ. ಈ ಕಾಯಿಲೆಗಳಲ್ಲಿ ಬಹುಪಾಲಿಗೆ ಒಂದು ಸ್ವಭಾವ ಸಮಾನ: ಪೂರ್ತಿ ವಾಸಿಯಾಗುವುದಿಲ್ಲ, ಒಂದೇ ತೂಕದಲ್ಲಿ ಇರುವುದೂ ಇಲ್ಲ. ಮೂರು ವಾರ ಚೆನ್ನಾಗಿದ್ದು ನಾಲ್ಕನೆಯ ವಾರ ಹಾಸಿಗೆ ಹಿಡಿಸುತ್ತವೆ.

ಇಂಥವರಿಗೆ ಕೆಲಸ ಹುಡುಕಿಕೊಡುವುದು ಹೇಗೆ, ಇರುವ ಕೆಲಸ ಉಳಿಸಿಕೊಡುವುದು ಹೇಗೆ ಎಂಬ ಚರ್ಚೆಗೆ ನೂರು ವರ್ಷ ದಾಟಿದೆ. ವೈದ್ಯರು, ವಕೀಲರು, ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ತಮ್ಮ ತಮ್ಮ ದಿಕ್ಕಿನಿಂದ ವಾದ ಹೂಡಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಜಗಳ ಒಂದೇ ಲೆಕ್ಕದ ಮೇಲೆ ಎಂದು ನನಗೆ ಕಾಣುತ್ತದೆ. ಮೈ ಕೈಕೊಟ್ಟ ದಿನದ ಖರ್ಚು ಯಾರ ತಲೆಗೆ: ರೋಗಿಗೋ, ಮಾಲೀಕನಿಗೋ, ವಿಮಾ ನಿಧಿಗೋ, ಸರ್ಕಾರಕ್ಕೋ? ಒಂದೊಂದು ಪಂಥವೂ ಈ ಪ್ರಶ್ನೆಗೆ ಒಂದೊಂದು ಉತ್ತರ. ಕೆಲವು ಅದನ್ನು ಬಾಯಿಬಿಟ್ಟು ಹೇಳುತ್ತವೆ, ಕೆಲವು ಹೇಳುವುದಿಲ್ಲ.

ಆರೋಗ್ಯಧಾಮದ ಕಾಲ

ಮೊದಲು ಈ ಪ್ರಶ್ನೆ ಎತ್ತಿದ್ದು ಕ್ಷಯ ಮತ್ತು ಕುಷ್ಠ. ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ಒಳ್ಳೆಯ ಗಾಳಿ, ಊಟ, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ಆಂಧ್ರದ ಮದನಪಲ್ಲಿ ಬಳಿಯ ಆರೋಗ್ಯವರಂ, ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆ ಆ ಕಾಲದವು. ತಿಂಗಳುಗಟ್ಟಲೆ ಇದ್ದು ಚೇತರಿಸಿಕೊಂಡ ರೋಗಿ ಮತ್ತೆ ಕಾರ್ಖಾನೆಯ ದೂಳಿಗೆ, ಇಕ್ಕಟ್ಟಿನ ಮನೆಗೆ ಮರಳಿದರೆ ವರ್ಷದೊಳಗೆ ರೋಗ ಮರುಕಳಿಸುತ್ತಿತ್ತು. ಇಂಗ್ಲೆಂಡಿನ ಕೇಂಬ್ರಿಜ್ ಸೀಮೆಯಲ್ಲಿ ಪೆಂಡ್ರಿಲ್ ವ್ಯಾರಿಯರ್-ಜೋನ್ಸ್ ಎಂಬ ವೈದ್ಯ ಇದಕ್ಕೆ ಕಂಡುಕೊಂಡ ಉಪಾಯ, ರೋಗಿಗಳದೇ ಒಂದು ಊರು. 1918ರಲ್ಲಿ ಪ್ಯಾಪ್‌ವರ್ತ್‌ನಲ್ಲಿ ನೆಲೆನಿಂತ ಆ ಊರಿನಲ್ಲಿ ಕ್ಷಯರೋಗಿಗಳು ಸಂಸಾರ ಸಮೇತ ವಾಸವಿದ್ದರು. ಮೈಯಲ್ಲಿ ಎಷ್ಟು ಕಸುವಿದೆಯೋ ಅಷ್ಟೇ ಹೊತ್ತು ಮರಗೆಲಸ ಮಾಡಿ, ಪ್ರಯಾಣದ ಪೆಟ್ಟಿಗೆ ತಯಾರಿಸಿ ಸಂಬಳ ಪಡೆಯುತ್ತಿದ್ದರು. ವೈದ್ಯರು ಹೇಳಿದಷ್ಟೇ ಗಂಟೆ ಕೆಲಸ ಎಂಬ ನಿಯಮ ಇಂದಿಗೂ ಎಷ್ಟೋ ಕಚೇರಿಗಳಿಗೆ ಹೊಸದು.

ನಮ್ಮಲ್ಲಿ ಇದೇ ಯೋಚನೆ ಕುಷ್ಠರೋಗಿಗಳ ನಡುವೆ ಬೆಳೆಯಿತು. ಬಾಬಾ ಆಮ್ಟೆ ಮಹಾರಾಷ್ಟ್ರದ ವರೋರಾ ಬಳಿ ಕಟ್ಟಿದ ಆನಂದವನ, ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ಇವೆರಡಕ್ಕೂ ದಾನಕ್ಕಿಂತ ಕಸುಬು ಮೇಲೆಂಬುದೇ ತಳಹದಿ. ದುಡಿಮೆ ಮನುಷ್ಯನಿಗೆ ಬರೀ ಕೂಲಿಯನ್ನಲ್ಲದೆ ಊರೊಳಗೊಂದು ಜಾಗವನ್ನೂ ಕೊಡುತ್ತದೆ ಎಂಬುದನ್ನು ಈ ಪಂಥದಷ್ಟು ಚೆನ್ನಾಗಿ ಮತ್ತಾರೂ ತೋರಿಸಲಿಲ್ಲ. ಅದರ ಕೊರತೆಯೂ ಅಷ್ಟೇ ಸ್ಪಷ್ಟ. ಊರು ರೋಗಿಯನ್ನು ಒಳಗೆ ಕರೆದುಕೊಳ್ಳಲಿಲ್ಲ, ರೋಗಿಗೇ ಬೇರೆ ಊರು ಕಟ್ಟಿಕೊಟ್ಟಿತು. ಮೈ ಕೈಕೊಟ್ಟ ದಿನದ ಖರ್ಚು ಧರ್ಮಸಂಸ್ಥೆಯ ಪಾಲಾಯಿತು.

ಈ ಯುಗ ಮುಗಿಯುವುದಕ್ಕೆ ಕಾರಣವಾದ ಕೆಲಸ ನಮ್ಮ ಪಕ್ಕದಲ್ಲೇ ನಡೆಯಿತು. ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಂಡವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು ಮದ್ರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ರೋಗಿ ಮನೆಗೆ ಬಂದ. ಮನೆಗೆ ಬಂದವನು ಕೆಲಸಕ್ಕೂ ಹೋಗಬೇಕಲ್ಲ! ಅಲ್ಲಿಂದ ಇದು ಆಸ್ಪತ್ರೆಯ ಪ್ರಶ್ನೆಯಾಗಿ ಉಳಿಯಲಿಲ್ಲ, ಕಾರ್ಖಾನೆಯ ಗೇಟಿಗೆ ಬಂದು ನಿಂತಿತು.

ವಿಮೆಯ ದಾರಿ

ಗೇಟಿನಲ್ಲಿ ಕಾದಿದ್ದ ಉತ್ತರ ವಿಮೆ. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯ ಫಲವಾಗಿ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಬಂತು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. ಜನರ ಬಾಯಲ್ಲಿ ಅದು ಇಎಸ್‌ಐ. ಇದರ ತರ್ಕ ಸರಳ: ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟಿ, ಕಾಯಿಲೆ ಬಿದ್ದವರ ಸಂಬಳವನ್ನು ನಿಧಿ ತುಂಬಿಕೊಡಲಿ. 2019ರಿಂದ ಮಾಲೀಕರ ಪಾಲು ಸಂಬಳದ ಶೇ 3.25, ಕಾರ್ಮಿಕರ ಪಾಲು ಶೇ 0.75. ಸಾಮಾನ್ಯ ಕಾಯಿಲೆಗೆ ವರ್ಷದಲ್ಲಿ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ. ಕ್ಷಯ, ಕುಷ್ಠ, ಕ್ಯಾನ್ಸರ್, ಮನೋರೋಗ ಮೊದಲಾದ 34 ದೀರ್ಘಕಾಲದ ಕಾಯಿಲೆಗಳಿಗೆ, ಷರತ್ತುಗಳಿಗೆ ಒಳಪಟ್ಟು, ಶೇ 80ರಂತೆ ಎರಡು ವರ್ಷದವರೆಗೂ ಸಿಗಬಹುದು. ಈ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕರನ್ನು ವಜಾ ಮಾಡುವಂತಿಲ್ಲ ಎಂದು 1948ರ ಕಾಯ್ದೆಯ 73ನೇ ಕಲಂ ಹೇಳುತ್ತಿತ್ತು. ಆ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ.

ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ, ಈಗಲೂ ಸಣ್ಣದಲ್ಲ. ಆದರೆ ವಿಮೆಯ ಹಿಂದಿರುವ ರೋಗಿಯ ಚಿತ್ರವೇ ಹಳೆಯದು. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ಆ ಚಿತ್ರವನ್ನು ಸಿದ್ಧಾಂತವಾಗಿಯೇ ಬರೆದಿಟ್ಟ. ರೋಗಿಗೆ ನಿತ್ಯದ ಹೊಣೆಗಳಿಂದ ವಿನಾಯಿತಿ ಉಂಟು, ಬದಲಿಗೆ ಅವನು ಬೇಗ ಗುಣವಾಗಲು ಪ್ರಯತ್ನಿಸಬೇಕು. ಜ್ವರಕ್ಕೆ, ಮುರಿದ ಕಾಲಿಗೆ ಇದು ಸರಿ. ಗುಣವೇ ಆಗದ ಕಾಯಿಲೆಗೆ ಈ ಒಪ್ಪಂದ ಹೊಂದುವುದಿಲ್ಲ. ಇಎಸ್‌ಐ ಔಷಧಾಲಯದಲ್ಲಿ ಸಿಗುವುದು ಎರಡೇ ಬಗೆಯ ಚೀಟಿ: ರಜೆ ಚೀಟಿ, ಫಿಟ್‌ನೆಸ್ ಚೀಟಿ. ದುಡಿದ ದಿನಕ್ಕೆ ಕಾಯಿಲೆಯ ಭತ್ಯೆ ಇಲ್ಲ. ಅರ್ಧ ದಿನ ದುಡಿದು ಉಳಿದರ್ಧಕ್ಕೆ ಭತ್ಯೆ ಪಡೆಯುವ ದಾರಿಯೂ ಇಲ್ಲ. ಹೀಗಾಗಿ ಅರ್ಧ ದುಡಿಯಬಲ್ಲವರು ಪೂರ್ತಿ ದುಡಿದು ಬೀಳುತ್ತಾರೆ, ಇಲ್ಲವೇ ಪೂರ್ತಿ ಮಲಗಿ ಕೆಲಸದ ರೂಢಿ ಕಳೆದುಕೊಳ್ಳುತ್ತಾರೆ. ಮೇಲಾಗಿ ತಿಂಗಳ ಸಂಬಳ 21,000 ರೂಪಾಯಿ ದಾಟಿದವರು ಯೋಜನೆಯ ಹೊರಗೆ. 2017ರ ಜನವರಿಯಲ್ಲಿ ನಿಗದಿಯಾದ ಮಿತಿ ಅದು.

ವಿಮೆಯ ಬೆನ್ನಿಗೇ ಇನ್ನೊಂದು ಕಾನೂನು ಬೇರೆ ದಿಕ್ಕಿಗೆ ಎಳೆಯುತ್ತಿತ್ತು. 'ನಿರಂತರ ಅನಾರೋಗ್ಯ'ದ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದನ್ನು ಕೆಲಸಗಾರರ ಕಡಿತದ ಲೆಕ್ಕಕ್ಕೆ ಸೇರದ ವಿಷಯವಾಗಿ, ಅಂದರೆ 'ರಿಟ್ರೆಂಚ್‌ಮೆಂಟ್' ಅಲ್ಲವೆಂದು ನೋಡಬೇಕೆಂದು ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿದ ವ್ಯಾಖ್ಯೆ ಹೇಳಿತು. ಕೆಲಸಗಾರರನ್ನು ಕಡಿತ ಮಾಡುವಾಗ ಕೊಡಬೇಕಾದ ರಕ್ಷಣೆ ಹಾಗಾಗಿ ಇವರಿಗೆ ದಕ್ಕಲಿಲ್ಲ. ರಾಜಸ್ಥಾನದ ಸಾರಿಗೆ ನಿಗಮ ಕಣ್ಣು ಮಂಜಾದ ಚಾಲಕರನ್ನು ಹೀಗೆಯೇ ಮನೆಗೆ ಕಳಿಸಿತ್ತು. ಆನಂದ್ ಬಿಹಾರಿ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 1990-91ರ ಹೊತ್ತಿಗೆ ಸುಪ್ರೀಂ ಕೋರ್ಟ್ ನಡುದಾರಿ ಹಿಡಿಯಿತು. ವ್ಯಾಖ್ಯೆಯ ಮಟ್ಟಿಗೆ ನಿಗಮದ ಮಾತು ಸರಿ, ಆದರೂ ಬಸ್ಸು ಓಡಿಸಿ ಓಡಿಸಿ ಕಣ್ಣು ಕಳೆದುಕೊಂಡವರಿಗೆ ಬೇರೆ ಕೆಲಸವನ್ನೋ ಪರಿಹಾರವನ್ನೋ ಕೊಡದೆ ಕೈತೊಳೆದುಕೊಳ್ಳುವುದು ನ್ಯಾಯವಲ್ಲ ಎಂದಿತು. ಹಕ್ಕಿನ ಭಾಷೆ ನಮ್ಮ ನ್ಯಾಯಾಲಯಗಳಲ್ಲಿ ಹುಟ್ಟುತ್ತಿದ್ದ ಹೊತ್ತು ಅದು.

ಹಕ್ಕಿನ ದಾರಿ

ಹಕ್ಕಿನ ಪಂಥ ಪ್ರಶ್ನೆಯನ್ನೇ ತಿರುಗಿಸಿ ಹಾಕಿತು. ಸಮಸ್ಯೆ ರೋಗಿಯ ಮೈಯೊಳಗಿಲ್ಲ, ಎಲ್ಲರೂ ಒಂದೇ ಅಳತೆಯವರೆಂದು ಎಣಿಸಿ ಕಟ್ಟಿದ ಕಚೇರಿಯಲ್ಲಿದೆ. ಕಚೇರಿಯೇ ಬದಲಾಗಲಿ ಎಂದಿತು. 1970ರ ದಶಕದ ಬ್ರಿಟನ್ನಿನ ಅಂಗವಿಕಲರ ಚಳವಳಿಯಲ್ಲಿ ಮೊಳೆತ ಈ ವಾದ 1990ರಲ್ಲಿ ಅಮೆರಿಕದ ಅಂಗವಿಕಲರ ಕಾಯ್ದೆಯಾಗಿ ಬಲಪಡೆಯಿತು. ಮಾಲೀಕ 'ಸೂಕ್ತ ಹೊಂದಾಣಿಕೆ' ಮಾಡಿಕೊಡಬೇಕು: ಕುರ್ಚಿ ಬದಲಿಸುವುದು, ಪಾಳಿ ಬದಲಿಸುವುದು, ಚಿಕಿತ್ಸೆಗೆ ಬಿಡುವು ಕೊಡುವುದು. ತೀರಾ ಭಾರವಾದರೆ ಮಾತ್ರ ವಿನಾಯಿತಿ.

ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸುವುದು ಸುಲಭ, ಒಮ್ಮೆ ಕಟ್ಟಿದರೆ ಮುಗಿಯಿತು. ಏರಿಳಿಯುವ ಕಾಯಿಲೆಗೆ ಏನು ಕಟ್ಟಿಸುವುದು? ಅಮೆರಿಕದ ನ್ಯಾಯಾಲಯಗಳು ಎಡವಿದ್ದು ಇಲ್ಲಿಯೇ. ಔಷಧದಿಂದ, ಕನ್ನಡಕದಿಂದ ಹತೋಟಿಯಲ್ಲಿರುವ ಸ್ಥಿತಿಯನ್ನು ಆ ಹತೋಟಿಯೊಂದಿಗೇ ಅಳೆಯಬೇಕೆಂದು 1999ರಲ್ಲಿ ಸಟನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದರ ಪರಿಣಾಮ ವಿಚಿತ್ರವಾಗಿತ್ತು. ಇನ್ಸುಲಿನ್ ಚುಚ್ಚಿಕೊಂಡು ಕೆಲಸ ಮಾಡುತ್ತಿರುವವರು ಕಾನೂನಿನ ಕಣ್ಣಿಗೆ ಅಂಗವಿಕಲರಲ್ಲ, ಆದ್ದರಿಂದ ರಕ್ಷಣೆಯಿಲ್ಲ. ಇನ್ಸುಲಿನ್ ಬಿಟ್ಟರೆ ರಕ್ಷಣೆ ಸಿಗಬಹುದು, ಆದರೆ ಆಗ ಕೆಲಸ ಮಾಡಲು ಜೀವವೇ ಇರುವುದಿಲ್ಲ. ಈ ಸಿಕ್ಕು ಬಿಡಿಸಲು ಅಮೆರಿಕದ ಸಂಸತ್ತು 2008ರಲ್ಲಿ ಕಾಯ್ದೆ ತಿದ್ದಿತು. ಆಗಾಗ ಬಂದು ಹೋಗುವ ಕಾಯಿಲೆಯನ್ನು ಅದು ಕೆರಳಿರುವಾಗಿನ ಸ್ಥಿತಿಯಲ್ಲಿ ಅಳೆಯಬೇಕೆಂದು ಬರೆಯಿತು. ದೀರ್ಘಕಾಲದ ಕಾಯಿಲೆಯವರ ಪಾಲಿಗೆ ಈ ಶತಮಾನದ ಅತಿ ಮುಖ್ಯ ಕಾನೂನು ವಾಕ್ಯ ಅದೇ ಎಂದು ನನ್ನ ಅನಿಸಿಕೆ.

ನಮ್ಮಲ್ಲಿ 1995ರ ಕಾಯ್ದೆ ಏಳು ಸ್ಥಿತಿಗಳನ್ನಷ್ಟೇ ಗುರುತಿಸಿತ್ತು. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಇವನ್ನೂ ಸೇರಿಸಿತು. ಕರ್ನಾಟಕಕ್ಕೆ ಇದರಲ್ಲಿ ನೇರ ಪಾಲಿದೆ. ದಾವಣಗೆರೆಯಲ್ಲಿ ಡಾ. ಸುರೇಶ್ ಹನಗವಾಡಿ, ಸ್ವತಃ ಹಿಮೋಫಿಲಿಯಾ ಇದ್ದೂ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿ ಬೆಳೆಸಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡಗೋಲು ಕಣ ರೋಗ ಇರುವುದು ಡಾ. ಎಚ್. ಸುದರ್ಶನ್ ಮತ್ತು ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕೆಲಸದಿಂದ ಬೆಳಕಿಗೆ ಬಂತು. ನೀರು ಕಡಿಮೆಯಾದರೆ, ಚಳಿ ಹೊಡೆದರೆ, ಮೈಮುರಿದು ದುಡಿದರೆ ಈ ರೋಗದ ನೋವು ಕೆರಳುತ್ತದೆ. ಅಂದರೆ ಕಾಡಿನ ಕೆಲಸವೂ ಕಾಫಿ ತೋಟದ ಕೂಲಿಯೂ ಕೇಳುವುದನ್ನೇ ಈ ಮೈ ಕೊಡಲಾರದು.

ಪಟ್ಟಿ ಉದ್ದವಾದರೂ ಕೊಟ್ಟದ್ದು ಕಡಿಮೆ. ಸರ್ಕಾರಿ ಕೆಲಸದ ಶೇ 4 ಮೀಸಲಾತಿಯ ವರ್ಗಗಳಲ್ಲಿ ರಕ್ತದ ಕಾಯಿಲೆಗಳಿಗೆ ಜಾಗವಿಲ್ಲ. ಕಾಲೇಜಿಗೆ ಸೇರುವಾಗ ಅಂಗವೈಕಲ್ಯ ಶೇ 40ರ ಮಿತಿ ಮುಟ್ಟಿದ ಹಿಮೋಫಿಲಿಯಾ ವಿದ್ಯಾರ್ಥಿಗೆ ಮೀಸಲಾತಿ ಉಂಟು, ಅದೇ ವಿದ್ಯಾರ್ಥಿ ಪದವಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿದರೆ ರಕ್ತದ ಕಾಯಿಲೆಯ ಹೆಸರಿನಲ್ಲಿ ಮೀಸಲಾತಿ ಇಲ್ಲ. ಓದಿಸಿ ಬಾಗಿಲಲ್ಲಿ ನಿಲ್ಲಿಸುವ ಈ ಏರ್ಪಾಡಿಗೆ ಸಮರ್ಥನೆ ಹುಡುಕುವುದು ಕಷ್ಟ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯಬಾರದು, ದರ್ಜೆ ಇಳಿಸಬಾರದು ಎಂಬ 20ನೇ ಕಲಮಿನ ಬಿಗಿಯಾದ ರಕ್ಷಣೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರಿಗೆ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಿ ಎಂಬ ಸೂಚನೆ.

ನ್ಯಾಯಾಲಯಗಳು ಕಾಯ್ದೆಗಿಂತ ಒಂದು ಹೆಜ್ಜೆ ಮುಂದೆ ಹೋಗಿವೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿ ವಿಕಾಸ್ ಕುಮಾರ್ ಅವರ 2021ರ ಪ್ರಕರಣದಲ್ಲಿ, ಸೂಕ್ತ ಹೊಂದಾಣಿಕೆ ಕೇಳಲು ಶೇ 40ರ ಮಿತಿ ದಾಟಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯಿದ್ದ ಅರೆಸೇನಾ ಅಧಿಕಾರಿಯ ಮೇಲೆ ಆ ಕಾಯಿಲೆಯ ನಡವಳಿಕೆಗಾಗಿಯೇ ಶಿಸ್ತುಕ್ರಮ ಜರುಗಿಸುವುದು ತಾರತಮ್ಯವಾಗಬಹುದು ಎಂದಿತು. ಎಚ್‌ಐವಿಯ ವಿಷಯದಲ್ಲಿ ಹಾದಿ ಇನ್ನೂ ಹಳೆಯದು. ಕೆಲಸ ಮಾಡುವ ಶಕ್ತಿಯಿರುವವರಿಗೆ ಸೋಂಕಿನ ನೆಪ ಹೇಳಿ ಕೆಲಸ ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 1997ರಲ್ಲೇ, ಒಬ್ಬ ದಿನಗೂಲಿಯ ಮೊಕದ್ದಮೆಯಲ್ಲಿ, ತೀರ್ಪಿತ್ತಿತ್ತು. 2017ರ ಎಚ್‌ಐವಿ ಕಾಯ್ದೆ ಕೆಲಸಕ್ಕೆ ಮುಂಚಿನ ಎಚ್‌ಐವಿ ಪರೀಕ್ಷೆಯನ್ನೇ ನಿಷೇಧಿಸಿತು. ಅದು ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ. ಒಂದೇ ಒಂದು ಕಾಯಿಲೆಗೆ ಇಷ್ಟು ಗಟ್ಟಿ ರಕ್ಷಣೆ ಸಿಕ್ಕಿದ್ದು ಆ ರೋಗಿಗಳು ಸಂಘಟಿತರಾಗಿ ಹೋರಾಡಿದ್ದರಿಂದ.

ಹಕ್ಕಿನ ಪಂಥದ ಮೇಲಿನ ಗಟ್ಟಿ ಆಕ್ಷೇಪ ಅರ್ಥಶಾಸ್ತ್ರಜ್ಞರದು. ಅಮೆರಿಕದ ಕಾಯ್ದೆ ಜಾರಿಯಾದ ಮೇಲೆ ಅಂಗವಿಕಲರ ಉದ್ಯೋಗ ಹೆಚ್ಚುವ ಬದಲು ಇಳಿಯಿತೆಂದು ಡರೋನ್ ಅಸೆಮೊಗ್ಲು ಮತ್ತು ಜೋಶುವಾ ಆಂಗ್ರಿಸ್ಟ್ 2001ರಲ್ಲಿ ಬರೆದರು. ಖರ್ಚು ಹೊರಬೇಕಾಗುವ ಮಾಲೀಕ ಸೇರಿಸಿಕೊಳ್ಳುವಾಗಲೇ ಹಿಂಜರಿಯುತ್ತಾನೆ ಎಂಬುದು ಅವರ ವಿವರಣೆ. ಅದೇ ಹೊತ್ತಿಗೆ ಅಲ್ಲಿನ ಅಂಗವೈಕಲ್ಯ ಪಿಂಚಣಿ ಸಡಿಲವಾಗಿತ್ತು, ಸಮೀಕ್ಷೆಯ ಪ್ರಶ್ನೆಯೂ ಒರಟಾಗಿತ್ತು ಎಂದು ವಿರೋಧಿಗಳು ಉತ್ತರಿಸಿದರು. ವಾದ ಇನ್ನೂ ಮುಗಿದಿಲ್ಲ. ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಕೇಳಿಬಂದದ್ದೂ ಇದೇ ಆತಂಕ: ಇನ್ನು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಯಾರು ತಗೋತಾರೆ?

ದುಡಿಮೆಯೇ ಮದ್ದು ಎನ್ನುವವರು

ಗಾರ್ಡನ್ ವಾಡೆಲ್ ಮತ್ತು ಕಿಮ್ ಬರ್ಟನ್ ಎಂಬಿಬ್ಬರು 2006ರಲ್ಲಿ ಬ್ರಿಟನ್ ಸರ್ಕಾರಕ್ಕಾಗಿ ಅಧ್ಯಯನಗಳನ್ನೆಲ್ಲ ಜಾಲಾಡಿ, ದುಡಿಮೆ ಒಟ್ಟಿನಲ್ಲಿ ಆರೋಗ್ಯಕ್ಕೆ ಒಳ್ಳೆಯದು ಎಂಬ ನಿರ್ಣಯಕ್ಕೆ ಬಂದರು. ಪೂರ್ತಿ ಗುಣವಾಗುವವರೆಗೆ ಕಾಯುವುದು ರೋಗಿಗೇ ಕೆಡುಕು ಎಂಬುದು ಇದರ ತಿರುಳು. ಡೇಮ್ ಕರೋಲ್ ಬ್ಲ್ಯಾಕ್ ಅವರ 2008ರ ವರದಿಯ ನಂತರ, 2010ರಲ್ಲಿ, ಅಲ್ಲಿ ಕಾಯಿಲೆ ಚೀಟಿಯನ್ನು 'ಫಿಟ್ ನೋಟ್' ಎಂದು ಬದಲಿಸಲಾಯಿತು. 'ಕೆಲಸ ಮಾಡಲಾರರು' ಎಂಬುದರ ಜೊತೆಗೆ 'ಈ ಬದಲಾವಣೆ ಮಾಡಿಕೊಟ್ಟರೆ ಮಾಡಬಲ್ಲರು' ಎಂಬ ಎರಡನೇ ಆಯ್ಕೆ ಬಂತು. ಒಳ್ಳೆಯ ಯೋಚನೆಯೇ. ಆದರೆ ವೈದ್ಯರು ಬಹುಪಾಲು ಈಗಲೂ ಗುರುತು ಹಾಕುವುದು ಮೊದಲನೆಯದಕ್ಕೆ. ರೋಗಿಯ ಕೆಲಸ ಎಂಥದೆಂದು ವೈದ್ಯರಿಗೆ ಗೊತ್ತಿಲ್ಲ, ಹತ್ತು ನಿಮಿಷದ ಭೇಟಿಯಲ್ಲಿ ಗೊತ್ತಾಗುವುದೂ ಇಲ್ಲ.

ಇದೇ ತತ್ವದ ಕಹಿ ಮುಖವನ್ನೂ ಬ್ರಿಟನ್ ಕಂಡಿತು. 2008ರಿಂದ ಭತ್ಯೆ ಬೇಕಾದವರ ದುಡಿಯುವ ಶಕ್ತಿಯನ್ನು ಪ್ರಶ್ನಾವಳಿ ಹಿಡಿದು ಅಳೆಯಲು ಶುರುಮಾಡಿದರು. ಆ ಹೊತ್ತಿಗೆ ಚೆನ್ನಾಗಿ ಕಂಡವರನ್ನು ಅರ್ಹರೆಂದು ಕಳಿಸಿದ ಪ್ರಕರಣಗಳು ದೊಡ್ಡ ವಿವಾದವಾದವು, ಗುತ್ತಿಗೆ ಹಿಡಿದಿದ್ದ ಕಂಪನಿ ಅವಧಿಗೆ ಮುಂಚೆಯೇ ಹೊರನಡೆಯಿತು. ದುಡಿಮೆ ಮದ್ದು ಎಂಬ ಮಾತು ಖಜಾನೆಯವರ ಬಾಯಿಗೆ ಬಂದಾಗ ಖರ್ಚು ಸದ್ದಿಲ್ಲದೆ ರೋಗಿಯ ತಲೆಗೇ ಮರಳುತ್ತದೆ.

ಈ ಪಂಥದ ಒಳ್ಳೆಯ ಕೂಸು ಹುಟ್ಟಿದ್ದು ಮಾನಸಿಕ ಆರೋಗ್ಯದಲ್ಲಿ. ಮೊದಲು ತರಬೇತಿ, ಆಮೇಲೆ ಕೆಲಸ ಎಂಬ ಕ್ರಮವನ್ನು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ 1990ರ ದಶಕದಲ್ಲಿ ಮಗುಚಿದರು. ಮೊದಲು ರೋಗಿ ಬಯಸಿದ ನಿಜವಾದ ಕೆಲಸಕ್ಕೆ ಸೇರಿಸು, ಆಮೇಲೆ ಪಕ್ಕದಲ್ಲಿ ನಿಂತು ಕಲಿಸು, ಸಹಾಯಕ್ಕೆ ಗಡುವು ಹಾಕಬೇಡ. ತೀವ್ರ ಮನೋರೋಗ ಇರುವವರ ಮೇಲೆ ನಡೆದ ಪ್ರಯೋಗಗಳು ಹಲವು ದೇಶಗಳಲ್ಲಿ ಇದನ್ನು ಎತ್ತಿಹಿಡಿದಿವೆ. ಹಳೆಯ ಕ್ರಮಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಜನ ಕೆಲಸಕ್ಕೆ ಸೇರಿದ್ದಾರೆ. ಈ ಇಡೀ ಕ್ಷೇತ್ರದಲ್ಲಿ ಇಷ್ಟು ಗಟ್ಟಿ ಪುರಾವೆಯಿರುವ ವಿಧಾನ ಮತ್ತೊಂದಿಲ್ಲ. ನಮ್ಮಲ್ಲಿ ಪುನರ್ವಸತಿಯೆಂದರೆ ಇನ್ನೂ ಹೆಚ್ಚಾಗಿ ಕೇಂದ್ರದೊಳಗಿನ ಮೇಣದಬತ್ತಿ, ಬೇಕರಿ, ಹೊಲಿಗೆ. ಅವು ಬೇಡವೆಂದಲ್ಲ, ಆದರೆ ಅಲ್ಲಿಂದ ಹೊರಗಿನ ಸಂಬಳದ ಕೆಲಸಕ್ಕೆ ಸೇತುವೆ ತೆಳು.

ಮಾಲೀಕನ ಹೆಗಲಿಗೆ

ನೆದರ್ಲೆಂಡ್ಸ್ ಖರ್ಚಿನ ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಎದುರಿಸಿದ ದೇಶ. ಅಂಗವೈಕಲ್ಯ ಪಿಂಚಣಿ ಪಡೆಯುವವರ ಸಂಖ್ಯೆ ಹತ್ತು ಲಕ್ಷದತ್ತ ನಡೆದಾಗ 1990ರಲ್ಲಿ ಪ್ರಧಾನಿ ರೂಡ್ ಲುಬ್ಬರ್ಸ್ ದೇಶಕ್ಕೇ ಕಾಯಿಲೆ ಎಂದು ಗೊಣಗಿದ್ದರು. 2002ರ ಕಾಯ್ದೆ ಮಾಲೀಕ ಮತ್ತು ಕೆಲಸಗಾರ ಇಬ್ಬರೂ ಕೂತು ಮರಳಿ ಕೆಲಸಕ್ಕೆ ಬರುವ ಯೋಜನೆ ಬರೆಯಬೇಕೆಂದು ವಿಧಿಸಿತು. 2004ರಿಂದ ಕಾಯಿಲೆ ಬಿದ್ದ ಕೆಲಸಗಾರರಿಗೆ ಎರಡು ವರ್ಷ ಕನಿಷ್ಠ ಶೇ 70 ಸಂಬಳ ಕೊಡುವ ಹೊಣೆ ಮಾಲೀಕರದೇ ಆಯಿತು. ಪಿಂಚಣಿಗೆ ಹೊಸದಾಗಿ ಸೇರುವವರ ಸಂಖ್ಯೆ ತೀವ್ರವಾಗಿ ಇಳಿಯಿತು. ಕೈಯಿಂದ ಹಣ ಹೋಗುತ್ತದೆಂದರೆ ಮಾಲೀಕನಿಗೆ ಹಗುರ ಕೆಲಸ ಹೊಳೆಯುತ್ತದೆ! ಆದರೆ ಒಳಗಿದ್ದವರಿಗೆ ಆದ ಲಾಭದ ಬೆಲೆಯನ್ನು ಹೊರಗಿದ್ದವರು ತೆತ್ತರು. ಮಾಲೀಕರು ಕಾಯಿಲೆಯ ಸುಳಿವಿರುವವರನ್ನು ಸೇರಿಸಿಕೊಳ್ಳಲು ಹೆದರಿದರು, ತಾತ್ಕಾಲಿಕ ಕರಾರುಗಳು ಹೆಚ್ಚಿದವು. ಅದಕ್ಕೆ ಮದ್ದೆಂದು, ಮೊದಲೇ ಅಂಗವೈಕಲ್ಯ ಇದ್ದವರು ಮತ್ತೆ ಕಾಯಿಲೆ ಬಿದ್ದರೆ ಆ ಸಂಬಳವನ್ನು ಸರ್ಕಾರಿ ನಿಧಿ ಭರಿಸುವ ಏರ್ಪಾಡಿದೆ. ಇಲ್ಲಿಂದ ಕಲಿಯಬೇಕಾದ್ದು ಇದನ್ನೇ: ಉಳಿಸಿಕೊಳ್ಳುವ ಹೊಣೆ ಮಾಲೀಕನಿಗೆ ಇರಲಿ, ಸೇರಿಸಿಕೊಳ್ಳುವ ಅಪಾಯ ಸಮಾಜಕ್ಕೆ.

ಜರ್ಮನಿಯ ದಾರಿ ಇನ್ನಷ್ಟು ನಯ. ವರ್ಷದಲ್ಲಿ ಆರು ವಾರಕ್ಕಿಂತ ಹೆಚ್ಚು ರಜೆಯಾದರೆ, ಏನು ಬದಲಿಸಿದರೆ ನೀವು ಇಲ್ಲಿ ಉಳಿಯಬಲ್ಲಿರಿ ಎಂಬ ಮಾತುಕತೆಗೆ ಮಾಲೀಕನೇ ಕರೆಯಬೇಕು. 2004ರಿಂದ ಅದು ಕಾನೂನು. ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಿ ವಾರವಾರ ಏರಿಸುತ್ತ ಮರಳುವ ಪದ್ಧತಿಯೂ ಅಲ್ಲಿದೆ. ಆ ಅವಧಿಯಲ್ಲಿ ಅವರು ಲೆಕ್ಕಕ್ಕೆ ರೋಗಿಗಳೇ, ಭತ್ಯೆ ವಿಮೆಯಿಂದ ಬರುತ್ತದೆ. ನಮ್ಮ ಇಎಸ್‌ಐಯಲ್ಲಿ ಇಲ್ಲದ ಆ ಅರ್ಧದಿನ ಅಲ್ಲಿ ಉಂಟು.

ಕಾಯಿಲೆಯೂ ಒಂದು ದುಡಿಮೆ

ಮೇಲಿನ ಎಲ್ಲರೂ ರೋಗಿಯನ್ನು ಹೊರಗಿನಿಂದ ಕಂಡವರು. ಒಳಗಿನಿಂದ ನೋಡಿದವರು ಸಮಾಜಶಾಸ್ತ್ರಜ್ಞರಾದ ಜೂಲಿಯೆಟ್ ಕಾರ್ಬಿನ್ ಮತ್ತು ಆನ್ಸೆಲ್ಮ್ ಸ್ಟ್ರಾಸ್. ದೀರ್ಘಕಾಲದ ರೋಗಿ ಮೂರು ದುಡಿಮೆ ಮಾಡುತ್ತಾನೆ ಎಂದು 1985ರಲ್ಲಿ ಅವರು ಬರೆದರು. ಮಾತ್ರೆ, ಪರೀಕ್ಷೆ, ಆಸ್ಪತ್ರೆಯ ಓಡಾಟ ಒಂದು. ಮನೆ, ಮಕ್ಕಳು, ಸಂಪಾದನೆ ಎರಡು. ನಾನೀಗ ಯಾರು, ನನ್ನ ಬದುಕು ಎತ್ತ ಎಂದು ಮತ್ತೆ ಮತ್ತೆ ಹೊಂದಿಸಿಕೊಳ್ಳುವುದು ಮೂರು. ಕಚೇರಿಗೆ ಕಾಣುವುದು ಎರಡನೆಯದರ ಒಂದು ತುಂಡು ಮಾತ್ರ. ಹರೆಯದಲ್ಲೇ ಶುರುವಾಗುವ ಲೂಪಸ್, ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚು ಕಾಡುವ ಸಂಧಿವಾತ ಇವನ್ನು ನೆನೆದರೆ ನಮ್ಮ ಮನೆಗಳಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಬೆಳಿಗ್ಗೆ ಬೆರಳು ಮಡಚದ ಹೆಂಗಸಿಗೆ ಕಚೇರಿಯಲ್ಲಿ ರಜೆ ಸಿಕ್ಕರೂ ರೊಟ್ಟಿ ತಟ್ಟುವುದಕ್ಕೆ ರಜೆ ಸಿಗುವುದು ಅಪರೂಪ.

ಹೇಳಬೇಕೋ ಬೇಡವೋ ಎಂಬ ತೊಳಲಾಟವೂ ಇಲ್ಲಿಯದೇ. ಹೊಂದಾಣಿಕೆ ಬೇಕೆಂದರೆ ಕಾಯಿಲೆ ಹೇಳಬೇಕು. ಹೇಳಿದರೆ ಬಡ್ತಿ, ಹೊಸ ಪ್ರಾಜೆಕ್ಟು, ಕೆಲವೊಮ್ಮೆ ಕೆಲಸವೇ ಜಾರುತ್ತದೆ. ಹೇಳದಿದ್ದರೆ ಸೋಮಾರಿ ಎಂಬ ಹೆಸರು. ಹೊರಗೆ ಕಾಣದ ಕಾಯಿಲೆಗೆ ಈ ಕಾಟ ಹೆಚ್ಚು. 'ನೋಡೋಕೆ ಚೆನ್ನಾಗೇ ಇದೀರಲ್ಲ' ಎಂಬ ಮಾತು ಕೇಳದ ರೋಗಿಯಿಲ್ಲ. ಕೋವಿಡ್ ನಂತರದ ಮನೆಯಿಂದ ಕೆಲಸ ಈ ಗಂಟನ್ನು ತುಸು ಸಡಿಲಿಸಿತು, ಏಕೆಂದರೆ ಎಲ್ಲರಿಗೂ ಇರುವ ಸೌಲಭ್ಯವನ್ನು ಬಳಸಲು ಯಾರಿಗೂ ಕಾರಣ ಹೇಳಬೇಕಿಲ್ಲ. ಅಮೆರಿಕದಲ್ಲಿ ಅಂಗವಿಕಲರ ಪೈಕಿ ದುಡಿಯುವವರ ಪ್ರಮಾಣ 2023ರಲ್ಲಿ ಶೇ 22.5 ಮುಟ್ಟಿತು. 2008ರಲ್ಲಿ ಲೆಕ್ಕ ಇಡಲು ತೊಡಗಿದಾಗಿನಿಂದ ಆವರೆಗೆ ಅದೇ ಹೆಚ್ಚಿನದಾಗಿತ್ತು. ಅದರಲ್ಲಿ ಮನೆಯಿಂದ ಮಾಡುವ ಕೆಲಸದ ಪಾಲೆಷ್ಟು, ಕೆಲಸಗಾರರ ಕೊರತೆಯ ಪಾಲೆಷ್ಟು ಎಂಬ ಚರ್ಚೆ ನಡೆದೇ ಇದೆ.

ಕೂಲಿಯ ಲೋಕದಲ್ಲಿ

ಇಷ್ಟು ಹೊತ್ತು ಹೇಳಿದ್ದೆಲ್ಲ ಒಂದು ನೇಮಕಾತಿ ಪತ್ರವನ್ನು ನಂಬಿಕೊಂಡಿದೆ. ನಮ್ಮಲ್ಲಿ ದುಡಿಯುವವರಲ್ಲಿ ಬಹುದೊಡ್ಡ ಪಾಲಿಗೆ ಆ ಪತ್ರವೇ ಇಲ್ಲ. ಗಾರೆ ಕೆಲಸದವರಿಗೆ ಮೇಸ್ತ್ರಿ ಮಾಲೀಕ, ಬಾರದ ದಿನ ಕೂಲಿಯಿಲ್ಲ, ಮೂರು ದಿನ ಬಾರದಿದ್ದರೆ ಜಾಗದಲ್ಲಿ ಬೇರೊಬ್ಬರು. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರಿಗೆ ಇಎಸ್‌ಐ ಉಂಟು, ಆದರೆ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್‌ಗೆ ಕೀಲುನೋವು ತಿಳಿಯುವುದಿಲ್ಲ. ಆಸ್ಪತ್ರೆಗೆ ಹೋಗಲು ಒಂದು ದಿನ ತಪ್ಪಿಸಿದರೆ ಹಾಜರಾತಿ ಬೋನಸ್ಸಿಗೂ ಕುತ್ತು. ಆ್ಯಪ್ ಹಿಡಿದು ಊಟ ಹಂಚುವವರಿಗೆ ಲಾಗಿನ್ ಆಗದ ದಿನವೆಲ್ಲ ಸೊನ್ನೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ವೇದಿಕೆಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಸಂಗ್ರಹಿಸಿ ನಿಧಿ ಕಟ್ಟಲು ದಾರಿ ಮಾಡಿದೆ. ಆ ನಿಧಿ ಅಪಘಾತಕ್ಕೆ ಮಾತ್ರ ಮೀಸಲಾಗುತ್ತದೋ, ಡಯಾಲಿಸಿಸ್ಸಿನ ದಿನಕ್ಕೂ ಕೊಡುತ್ತದೋ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಸ್ವಂತ ಅಂಗಡಿ, ಟೈಲರಿಂಗ್ ಯಂತ್ರ, ಹಸು ಕೊಡಿಸುವುದು ನಮ್ಮ ಯೋಜನೆಗಳ ಹಳೆಯ ಉತ್ತರ. ಅದರಲ್ಲಿ ಒಂದು ಸತ್ಯವಿದೆ: ಸ್ವಂತ ಕೆಲಸದಲ್ಲಿ ಹೊತ್ತು ನಮ್ಮದು. ಸುಸ್ತಾದಾಗ ಬಾಗಿಲು ಹಾಕಬಹುದು. ಆದರೆ ಬಾಗಿಲು ಹಾಕಿದ ದಿನದ ನಷ್ಟವೂ ನಮ್ಮದೇ. ಸ್ವಾವಲಂಬನೆಯ ಹೆಸರಿನಲ್ಲಿ ಖರ್ಚನ್ನು ರೋಗಿಗೇ ದಾಟಿಸುವ ಅತಿ ಹಳೆಯ ಉಪಾಯ ಇದು.

ಇತ್ಯರ್ಥವಾಗದೆ ಉಳಿದದ್ದು

ಕಾಯಿಲೆಯನ್ನು ಹೆಸರಿನಿಂದ ಗುರುತಿಸಬೇಕೋ, ಅದು ತರುವ ಅಡಚಣೆಯಿಂದಲೋ ಎಂಬುದು ಮೊದಲನೆಯ ಕಗ್ಗಂಟು. ಪಟ್ಟಿಯಾದರೆ ಅಧಿಕಾರಿಗೂ ರೋಗಿಗೂ ಸ್ಪಷ್ಟ, ಆದರೆ ಪಟ್ಟಿಯ ಹೊರಗುಳಿದವರು ಪ್ರತಿ ಸಲ ಹೊಸ ಹೋರಾಟ ಮಾಡಬೇಕು. ಅಡಚಣೆಯನ್ನು ಅಳೆಯುವುದು ನ್ಯಾಯವಾದರೂ, ಒಂದು ದಿನ ಕ್ಯಾಂಪಿಗೆ ಕರೆದು ಶೇಕಡಾ ಬರೆದುಕೊಡುವ ನಮ್ಮ ಪದ್ಧತಿ ಏರಿಳಿಯುವ ಕಾಯಿಲೆಯನ್ನು ಅಳೆಯಲಾರದು. ಕೆರಳಿದಾಗಿನ ಸ್ಥಿತಿಯನ್ನೇ ಅಳತೆಯಾಗಿ ಹಿಡಿಯುವ ಅಮೆರಿಕದ 2008ರ ವಾಕ್ಯವನ್ನು ನಮ್ಮ ನಿಯಮಗಳೊಳಗೆ ತರಬಹುದೇ ಎಂಬ ಚರ್ಚೆ ಇಲ್ಲಿ ನಡೆಯಬೇಕಿದೆ.

ಐದಾರು ಜನರನ್ನು ಇಟ್ಟುಕೊಂಡ ಸಣ್ಣ ಮಾಲೀಕನ ಪಾಡು ಇನ್ನೊಂದು. ಅವನಿಗೆ ಡಚ್ಚರ ಎರಡು ವರ್ಷದ ಸಂಬಳದ ಹೊಣೆ ಹೊರಿಸಿದರೆ ಅಂಗಡಿಯೇ ಮುಚ್ಚುತ್ತದೆ. ಹೊಣೆ ಹೊರಿಸದಿದ್ದರೆ ಕಾಯಿಲೆ ಬಿದ್ದವರು ಬೀದಿಗೆ ಬೀಳುತ್ತಾರೆ. ಸಾಮಾನ್ಯ ನಿಧಿಯೊಂದೇ ದಾರಿ ಎಂದು ನನಗೆ ಅನ್ನಿಸುತ್ತದೆ, ಆದರೆ ಪತ್ರವಿಲ್ಲದ ಕೂಲಿಗಾರರಿಂದ ವಂತಿಗೆ ಕಟ್ಟಿಸುವುದು ಹೇಗೆ ಎಂಬುದಕ್ಕೆ ಉತ್ತರ ಸುಲಭವಿಲ್ಲ. ದುಡಿಮೆ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ನಮ್ಮ ರಾತ್ರಿ ಪಾಳಿಗೆ, ಬೇಸಿಗೆಯ ಗಾರೆ ಕೆಲಸಕ್ಕೆ, ಕಲ್ಲುಕ್ವಾರಿಯ ದೂಳಿಗೆ ಎಷ್ಟು ಒಗ್ಗುತ್ತದೆ ಎಂಬುದೂ ತೀರ್ಮಾನವಾಗಿಲ್ಲ. ಆ ಅಧ್ಯಯನಗಳು ಹೆಚ್ಚಾಗಿ ಶ್ರೀಮಂತ ದೇಶಗಳ ಕೆಲಸಗಳನ್ನು ನೋಡಿದವು.

ಇವುಗಳ ಬಗ್ಗೆ ಗಟ್ಟಿಯಾಗಿ ವಾದಿಸಲು ಬೇಕಾದ ಲೆಕ್ಕವೂ ಬೆರೆತುಹೋಗಿದೆ. ಜನ ಏಕೆ ದುಡಿಯುತ್ತಿಲ್ಲ ಎಂದು ಕೇಂದ್ರದ ಶ್ರಮಶಕ್ತಿ ಸಮೀಕ್ಷೆ ಕೇಳಿದಾಗ ಬರುವ ಉತ್ತರಗಳಲ್ಲಿ 'ಆರೋಗ್ಯ ಅಥವಾ ವಯಸ್ಸಿನ ಕಾರಣ' ಎಂಬುದು ಒಂದೇ ಕಾಲಮ್ಮು. ಎಂಬತ್ತರ ಅಜ್ಜನೂ ಮೂವತ್ತೈದರ ಲೂಪಸ್ ರೋಗಿಯೂ ಅಲ್ಲಿ ಜೊತೆಯಾಗಿ ಕೂತಿದ್ದಾರೆ. ಆ ಕಾಲಮ್ಮನ್ನು ಎರಡಾಗಿ ಸೀಳಿ, ವಯಸ್ಸನ್ನೂ ಕಾಯಿಲೆಯನ್ನೂ ಬೇರೆ ಬೇರೆ ಎಣಿಸಲು ಹೊಸ ಕಾನೂನು ಬೇಕಿಲ್ಲ, ಹೊಸ ಹಣವೂ ಹೆಚ್ಚು ಬೇಕಿಲ್ಲ. ಅಂಕಿಅಂಶ ಸಚಿವಾಲಯ ಅಷ್ಟನ್ನಾದರೂ ಮುಂದಿನ ಸುತ್ತಿನಲ್ಲಿ ಮಾಡಲಿ.